ಬಹಳ ಸಫಾರಿ ಮಾಡಿದ ಗಾಡಿ

ನೈರೋಬಿಯ ಸೌತ್ ಸಿ ಬಡಾವಣೆಯ ಭಾರ್ಗವನಿಗೆ ರೋಷವೆಂಬುದು ಮೊಟ್ಟಮೊದಲು ಬಂದದ್ದು ಐವತ್ತೊಂದನೆಯ ವಯಸ್ಸಿನಲ್ಲಿ, ಫೆಬ್ರವರಿಯ ಒಂದು ಮಂಗಳವಾರ ಸಂಜೆ ಆರೂಕಾಲಿಗೆ. ಅಲ್ಲಿಯವರೆಗೆ ಅದರ ಅಗತ್ಯ ಬಿದ್ದಿರಲಿಲ್ಲ. ಇಂಡಸ್ಟ್ರಿಯಲ್ ಏರಿಯಾದ ಔಷಧ ಕಾರ್ಖಾನೆಯೊಂದರಲ್ಲಿ ಹದಿಮೂರು ವರ್ಷಗಳಿಂದ ಮಾತ್ರೆಗಳ ಅಂಚು ಮುಕ್ಕಾಗಿದೆಯೇ ಎಂದು ನೋಡುವ ವಿಭಾಗದ ಮ್ಯಾನೇಜರ್ ಆಗಿದ್ದವನು ಆತ. ಕಾರು ಓಡಿಸುವಾಗ ಮಟಾಟು ಎಂಬ ಬಾಡಿಗೆ ವ್ಯಾನು ಬಂದರೆ ಪಕ್ಕಕ್ಕೆ ಸರಿಯುತ್ತಿದ್ದ, ಬೈಕು ಬಂದರೆ ಪಕ್ಕಕ್ಕೆ ಸರಿಯುತ್ತಿದ್ದ. ಕೋಸುಗಡ್ಡೆ ಹೇರಿಕೊಂಡ ಕೈಗಾಡಿಯವರು ಬಾಯಲ್ಲೇ ಹಾರ್ನ್ ಮಾಡಿ ಆತನನ್ನು ಹಿಂದೆ ಹಾಕಿ ಹೋದದ್ದನ್ನು ಕಣ್ಣಾರೆ ಕಂಡವರಿದ್ದಾರೆ.

ಆ ಮಂಗಳವಾರ ನಿವಾಸಿಗಳ ಸಂಘದಿಂದ ಒಂದು ಪತ್ರ ಬಂದಿತ್ತು. 'ನಿಮ್ಮ ಮನೆಯ ಮುಂದೆ ನಿಂತಿರುವ ಗುಜರಿ ಸಾಮಾನನ್ನು ಏಳು ದಿನಗಳೊಳಗೆ ತೆರವು ಮಾಡತಕ್ಕದ್ದು. ತಪ್ಪಿದಲ್ಲಿ ಸಂಘವೇ ಬ್ರೇಕ್‌ಡೌನ್ ಲಾರಿ ಕರೆಸಿ ಎಳೆಸುವುದು. ಇಂತಿ, ಒಟಿಯೆನೊ, ಚೇರ್ಮನ್.'

"ಗುಜರಿ ಅಂತೆ!" ಎಂದ ಭಾರ್ಗವ.

"ಮತ್ತೇನು ಅಂತ ಬರೀಬೇಕಿತ್ರೀ? ಪುಷ್ಪಕ ವಿಮಾನ ಅಂತಲಾ?" ಎಂದಳು ಹೆಂಡತಿ ಶೈಲಜಾ.

ಸಂಘ ಹೇಳಿದ ಗುಜರಿ ಎಂದರೆ ಒಂದು ಹಳೆಯ ಪ್ಯೂಜೊ ಐನೂರ ನಾಲ್ಕು. ಉದ್ದ ಬೆನ್ನಿನ, ಮೂರು ಸಾಲು ಸೀಟಿನ, ಒಂದು ಕಾಲಕ್ಕೆ ಬಿಳಿಯಾಗಿದ್ದ ಗಾಡಿ. ಎಡ ಬಾಗಿಲ ಮೇಲೆ ಕಪ್ಪು ಬಣ್ಣದಲ್ಲಿ ದೊಡ್ಡದಾಗಿ 23 ಎಂದು ಬರೆದಿತ್ತು. ಹಿಂದಿನ ತಿಂಗಳು ಭಾರ್ಗವ ಅದನ್ನು ಕಿಕುಯು ಊರಿನ ಒಬ್ಬ ಅಜ್ಜಿಯಿಂದ ಕೊಂಡು ತಂದಿದ್ದ. ಏಕೆ ತಂದ ಎಂದು ಶೈಲಜಾ ಕೇಳಿದ್ದಳು. ಅಜ್ಜಿ ಆಡಿದ ಒಂದು ಮಾತನ್ನೇ ಆತ ಉತ್ತರವಾಗಿ ಒಪ್ಪಿಸಿದ್ದ. ಅಜ್ಜಿ ಬಾನೆಟ್ಟನ್ನು ಎಮ್ಮೆಯ ಬೆನ್ನಿನಂತೆ ತಟ್ಟಿ ಸ್ವಾಹಿಲಿಯಲ್ಲಿ ಹೇಳಿದ್ದಳಂತೆ: "ಹೀ ಗಾರಿ ಇಮೆಫಾನ್ಯಾ ಸಫಾರಿ ನ್ಯಿಂಗಿ."

ಹದಿಮೂರು ವರ್ಷವಾಗಿದ್ದರೂ ಭಾರ್ಗವನ ಸ್ವಾಹಿಲಿ ತರಕಾರಿ ಅಂಗಡಿಯ ಮೆಟ್ಟಿಲು ದಾಟಿರಲಿಲ್ಲ. ಆದರೆ ಈ ವಾಕ್ಯದಲ್ಲಿ ಆತನಿಗೆ ಗೊತ್ತಿರುವ ಪದಗಳೇ ಇದ್ದವು. ಗಾರಿ ಎಂದರೆ ಗಾಡಿ. ನ್ಯಿಂಗಿ ಎಂದರೆ ಬಹಳ. ಇನ್ನು ಸಫಾರಿ ಎಂದರೆ ಏನೆಂದು ಕೀನ್ಯಾದಲ್ಲಿ ಇರುವವರು ಯಾರನ್ನಾದರೂ ಕೇಳಬೇಕೇ? ಪ್ರಪಂಚವೇ ಬಾಯಿ ಬಿಟ್ಟು ನೋಡುವ ಕಾರ್ ರೇಸು ಸಫಾರಿ ರ‍್ಯಾಲಿ! ಈ ಗಾಡಿ ಅಂಥ ಸಫಾರಿಗಳನ್ನು ಬಹಳ ಮಾಡಿದೆ. ಸಾಕ್ಷಿಗೆ ಬಾಗಿಲ ಮೇಲೆ ನಂಬರೂ ಇದೆ.

ಭಾನುವಾರ ಸಂಘದ ಸಭೆ. ಗೇಟಿನ ಪಕ್ಕದ ಖಾಲಿ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಚೇರ್ಮನ್ ಒಟಿಯೆನೊ ನಿವೃತ್ತ ಹೆಡ್‌ಮಾಸ್ಟರು. ಬೇಸಿಗೆಯಲ್ಲೂ ಟೈ ಕಟ್ಟುವವರು. ವಾಟ್ಸ್ಆ್ಯಪಿನಲ್ಲಿ ಯಾರಾದರೂ ಪೂರ್ಣವಿರಾಮ ಬಿಟ್ಟರೆ ಅದನ್ನು ತಿದ್ದಿ ವಾಪಸು ಕಳಿಸುವವರು.

"ವಿಷಯ ನಾಲ್ಕು, ಹನ್ನೊಂದನೇ ಮನೆಯ ಗುಜರಿ," ಎಂದರು.

ಭಾರ್ಗವ ಎದ್ದು ನಿಂತ. ಸಭೆಯಲ್ಲಿ ಆತ ಎದ್ದು ನಿಂತದ್ದು ಅದೇ ಮೊದಲಾದ್ದರಿಂದ, ಮನೆಗೆ ಹೊರಟನೆಂದು ಪಕ್ಕದವರು ಕಾಲು ಮಡಚಿ ದಾರಿ ಬಿಟ್ಟರು.

"ಅದು ಗುಜರಿಯಲ್ಲ ಸಾರ್," ಎಂದ ಭಾರ್ಗವ. "ಅದು ಸಫಾರಿ ರ‍್ಯಾಲಿ ಓಡಿದ ಗಾಡಿ. ಒಂದಲ್ಲ, ಬಹಳ ಸಫಾರಿ. ಎಳೆಸೋದಿದ್ರೆ ಮೊದಲು ನನ್ನನ್ನ ಎಳೆಸಿ."

ಒಟಿಯೆನೊ ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಳ್ಳುವುದನ್ನು ಮರೆತರು.

"ಮಿಸ್ಟರ್ ಭಾರ್ಗವ, ನಾನು ಏಳು ವರ್ಷದವನಿದ್ದಾಗ ಈಸ್ಟರ್ ಹಬ್ಬ ಅಂದ್ರೆ ನಮಗೆ ಚರ್ಚಲ್ಲ, ಸಫಾರಿ," ಎಂದರು ಅವರು. "ಮೂರು ದಿನ ಮುಂಚೆಯಿಂದ ರಸ್ತೆಬದಿಯ ಮರ ಹತ್ತಿ ಕೂರ್ತಿದ್ವಿ. ಮಳೆ, ಕೆಸರು. ಗಾಡಿಯ ಬಣ್ಣ ಯಾವುದೂಂತ ಗೊತ್ತಾಗ್ತಿರಲಿಲ್ಲ, ನಂಬರ್ ಮಾತ್ರ ಕಾಣ್ತಿತ್ತು. ಅರವತ್ತೆಂಟರಲ್ಲಿ ಹೊರಟ ಗಾಡಿಗಳಲ್ಲಿ ಮುಗಿಸಿದ್ದು ಏಳೇ ಏಳು! ಅಂಥ ಗಾಡಿ ನಮ್ಮ ಕಾಂಪೌಂಡಿನೊಳಗೆ ನಿಂತಿದೆ, ಅದಕ್ಕೆ ನಾನು ಗುಜರಿ ಅಂತ ಬರೆದೆ."

ಅವರು ನೇರವಾಗಿ ಪ್ಯೂಜೊದ ಮುಂದೆ ಹೋಗಿ ನಿಂತು ಸಲ್ಯೂಟ್ ಹೊಡೆದರು. ಸಂಘದ ಕಾರ್ಯದರ್ಶಿಯೂ ಹೊಡೆದ. ಗೇಟಿನ ಕಾವಲುಗಾರ ಮುಟುವಾ, ಏನು ನಡೆಯುತ್ತಿದೆಯೆಂದು ತಿಳಿಯದಿದ್ದರೂ, ಎರಡು ಸಲ ಹೊಡೆದ.

ಮರುದಿನದಿಂದ ಹನ್ನೊಂದನೆಯ ಮನೆಯವರಿಗೆ ನೆಮ್ಮದಿಯಿಲ್ಲದಾಯಿತು. ಸಂಘದಿಂದ ಎರಡನೆಯ ಪತ್ರ ಬಂತು: ಐತಿಹಾಸಿಕ ವಾಹನದ ಮೇಲಿನ ಧೂಳನ್ನು ಯಾರೂ ಒರೆಸತಕ್ಕದ್ದಲ್ಲ. ಶೈಲಜಾ ಗಿಡಕ್ಕೆ ನೀರು ಹಾಕುವಾಗ ಪೈಪು ಅತ್ತ ತಿರುಗಿದರೆ ಮುಟುವಾ ಓಡಿ ಬಂದು ಅಡ್ಡ ನಿಂತು ತಾನೇ ತೊಯ್ದುಕೊಳ್ಳುತ್ತಿದ್ದ. ಪಕ್ಕದ ಸೌತ್ ಬಿ ಬಡಾವಣೆಯಿಂದ ಜನ ಫೋಟೊ ತೆಗೆಸಿಕೊಳ್ಳಲು ಬಂದರು. ಹದಿನಾರು ವರ್ಷದ ಮಗಳು ಸಾನ್ವಿ ಮೆಟ್ಟಿಲ ಮೇಲೆ ಕೂತು ತಲೆಯ ಮೇಲೆ ಪುಸ್ತಕ ಮುಚ್ಚಿಕೊಂಡು "ಅಪ್ಪಾ, ದಿಸ್ ಈಸ್ ಸೋ ಎಂಬರಾಸಿಂಗ್" ಎಂದಳು.

ಪಕ್ಕದ ಮನೆಯ ಸೆಬಾಸ್ಟಿಯನ್ ಮಾತ್ರ ಹಿಗ್ಗಿ ಹೋದರು. ಮಂಗಳೂರು ಕಡೆಯವರು, ನಲವತ್ತು ವರ್ಷದ ಹಿಂದೆ ನೈರೋಬಿಗೆ ಬಂದು, ವಿಮಾ ಕಂಪನಿಯ ಪರವಾಗಿ ಗುದ್ದಿದ ಕಾರುಗಳನ್ನು ನೋಡಿ ನೋಡಿ ನಿವೃತ್ತರಾದವರು.

"ನಿಮಗೆ ಚರಿತ್ರೆ ಗೊತ್ತುಂಟಾ?" ಎಂದು ಅವರು ಪ್ರತಿ ಸಂಜೆ ಚಹಾದ ಲೋಟ ಹಿಡಿದು ಬರುತ್ತಿದ್ದರು. "ಸುರುವಾದದ್ದು ಐವತ್ತಮೂರರಲ್ಲಿ. ಅಲ್ಲಿ ಇಂಗ್ಲೆಂಡಿನಲ್ಲಿ ರಾಣಿಗೆ ಪಟ್ಟ ಕಟ್ಟಿದರು, ಇಲ್ಲಿ ಇವರು ಕಾರು ಓಡಿಸಿದರು. ಕೀನ್ಯಾ, ಉಗಾಂಡ, ಟಾಂಗನಿಕ, ಮೂರು ದೇಶ ಸುತ್ತಿ ಬರುವುದು. ರಸ್ತೆ ಬಂದ್ ಮಾಡುವ ಕ್ರಮವೇ ಇಲ್ಲ ಮಾರಾಯ್ರೆ! ಎದುರಿನಿಂದ ಬಸ್ಸು ಬರಲಿ, ಜಿರಾಫೆ ಬರಲಿ, ನೀವೇ ನೋಡಿಕೊಳ್ಳಬೇಕು. ಆಮೇಲೆ ಮೇಲಿಂದ ಹೆಲಿಕಾಪ್ಟರ್, ಮುಂದೆ ಪ್ರಾಣಿ ಉಂಟು ಅಂತ ಹೇಳಲಿಕ್ಕೆ. ನಡುವೆ ಎಷ್ಟೋ ವರ್ಷ ವಿಶ್ವ ಚಾಂಪಿಯನ್‌ಶಿಪ್ಪಿನ ಪಟ್ಟಿಯಿಂದಲೇ ಬಿಟ್ಟಿದ್ದರು. ಇಪ್ಪತ್ತೊಂದರಲ್ಲಿ ಪುನಃ ಬಂತು. ಈಗ ನೈವಾಶಾ ಕೆರೆಯ ಹತ್ತಿರ."

"ನಮ್ಮ ಗಾಡಿ ಮೂರು ಸಾಲು ಸೀಟಿಂದಲ್ವಾ ಸೆಬಾಸ್ಟಿಯನ್ನವರೇ? ರೇಸಿಗೆ ಅಷ್ಟು ಸೀಟು ಯಾಕೆ?" ಎಂದು ಒಮ್ಮೆ ಭಾರ್ಗವನೇ ಕೇಳಿದ. ಗುಣಮಟ್ಟ ವಿಭಾಗದ ಬುದ್ಧಿ ಒಳಗೆಲ್ಲೋ ಕೆಲಸ ಮಾಡುತ್ತಿತ್ತು.

"ಸಂಶಯ ಎಂತಕ್ಕೆ ಮಾರಾಯ್ರೆ? ಪ್ಯೂಜೊ ಐನೂರ ನಾಲ್ಕು ಎಪ್ಪತ್ತರ ದಶಕದಲ್ಲಿ ಸಫಾರಿ ಗೆದ್ದ ಜಾತಿ. ಕುಲೀನ ಮನೆತನ!"

ಗಾಡಿಯ ಕೀರ್ತಿ ಮೆಲ್ಲಗೆ ಯಜಮಾನನ ಕಡೆಗೆ ಹರಿಯತೊಡಗಿತು. ಕನ್ನಡ ಸಂಘದ ಗೋವಿಂದ ಯುಗಾದಿಯ ಆಮಂತ್ರಣ ಪತ್ರಿಕೆಯಲ್ಲಿ 'ಮುಖ್ಯ ಅತಿಥಿ: ಸಫಾರಿ ರ‍್ಯಾಲಿ ಖ್ಯಾತಿಯ ಶ್ರೀ ಭಾರ್ಗವ' ಎಂದು ಅಚ್ಚು ಹಾಕಿಸಿದ. ಅದು ಫೋನಿನಿಂದ ಫೋನಿಗೆ ಹಾರಿ ಮೈಸೂರು ಮುಟ್ಟಿತು. ಶೈಲಜಾಳ ತಮ್ಮ ಕೌಸ್ತುಭ್ ಫೋನು ಮಾಡಿ, "ಭಾವ, ಆಫ್ರಿಕಾದಲ್ಲಿ ರೇಸ್ ಓಡಿಸ್ತಿದ್ದೀರಂತೆ! ನಮಗೆ ಹೇಳಲೇ ಇಲ್ಲ?" ಎಂದ. ಹಿಂದಿನಿಂದ ಅತ್ತೆಯ ದನಿ ಕೇಳಿತು: "ತಲೆಗೆ ಹೆಲ್ಮೆಟ್ ಹಾಕ್ಕೊಳ್ಳೋಕೆ ಹೇಳೋ. ಒಳಗೆ ಏನಿಲ್ಲದಿದ್ರೂ ಮೇಲೆ ಒಂದಿರ್ಲಿ."

"ನಾನು ಓಡಿಸಲಿಲ್ಲ ಕಣೋ, ಗಾಡಿ ಓಡಿದ್ದು," ಎಂದು ಭಾರ್ಗವ ಎರಡು ಸಲ ಹೇಳಿದ. ಮೂರನೆಯ ಸಲ ಹೇಳಲಿಲ್ಲ. ಹದಿಮೂರು ವರ್ಷ ಮಾತ್ರೆಯ ಅಂಚು ನೋಡಿದವನಿಗೆ ತನ್ನನ್ನು ಯಾರಾದರೂ ನೋಡುವುದು ಹಿತವಾಗಿತ್ತು.

ಮಾರ್ಚ್ ಬಂತು. ರ‍್ಯಾಲಿಯ ವಾರ ಹತ್ತಿರವಾಯಿತು. ಗುರುವಾರ ಸಂಜೆ ಬಡಾವಣೆಯಲ್ಲಿ 'ಸಫಾರಿ ಸಂಜೆ' ಎಂದು ಒಟಿಯೆನೊ ಸಾರಿದರು. ಭಾರ್ಗವನ ಭಾಷಣ, ಆಮೇಲೆ ಗಾಡಿಗೆ ಹೂಮಾಲೆ. ಭಾರ್ಗವ ಮೂರು ರಾತ್ರಿ ಕೂತು ಭಾಷಣ ಬರೆದ. ಮೊದಲ ಸಾಲು ಅಜ್ಜಿಯ ಆ ಸ್ವಾಹಿಲಿ ವಾಕ್ಯವೇ. ಉಚ್ಚಾರ ಸರಿಯಿದೆಯೇ ನೋಡು ಎಂದು ಮಂಗಳವಾರ ಮಗಳನ್ನು ಕರೆದ.

ಸಾನ್ವಿ ಓದಿದಳು. ಇನ್ನೊಮ್ಮೆ ಓದಿದಳು.

"ಅಪ್ಪಾ, ಸಫಾರಿ ಮೀನ್ಸ್ ಜರ್ನಿ."

"ಅಂದ್ರೆ?"

"ಪ್ರಯಾಣ. ಯಾವ ಪ್ರಯಾಣ ಆದ್ರೂ ಸಫಾರಿ. ನೀವು ವೆಸ್ಟ್‌ಲ್ಯಾಂಡ್ಸ್‌ಗೆ ಹಲ್ಲು ತೋರಿಸೋಕೆ ಹೋದ್ರೆ ದಟ್ಸ್ ಆಲ್ಸೋ ಸಫಾರಿ. ದಿಸ್ ಕಾರ್ ಹ್ಯಾಸ್ ಮೇಡ್ ಮೆನಿ ಟ್ರಿಪ್ಸ್. ಅಷ್ಟೇ ಅಪ್ಪಾ."

ಅಡುಗೆಮನೆಯಲ್ಲಿ ಶೈಲಜಾ ಹಾಕುತ್ತಿದ್ದ ಒಗ್ಗರಣೆ ಸೀದುಹೋಯಿತು.

ಬುಧವಾರ ರಜೆ ಹಾಕಿ, ಸೆಬಾಸ್ಟಿಯನ್ನರನ್ನು ಕರೆದುಕೊಂಡು, ಭಾರ್ಗವ ಕಿಕುಯುವಿನ ಅಜ್ಜಿಯ ಮನೆಗೆ ಹೋದ. ಎಲ್ಲರೂ ಆಕೆಯನ್ನು ಮಾಮಾ ನ್ಯಾಂಬುರಾ ಎನ್ನುತ್ತಿದ್ದರು. ಅಲ್ಲಿ ಮಾಮಾ ಎಂದರೆ ತಾಯಿ. ಎಂಬತ್ತು ದಾಟಿದ ಮುದುಕಿ. ಭಾರ್ಗವ ಕೇಳಿದ್ದನ್ನು ಸೆಬಾಸ್ಟಿಯನ್ ಸ್ವಾಹಿಲಿಯಲ್ಲಿ ಹೇಳಿದಾಗ ಕುರ್ಚಿಯ ಕೈ ಹಿಡಿದುಕೊಂಡು ನಕ್ಕಳು.

"ರೇಸಾ? ನಾನು ಸೂಲಗಿತ್ತಿ ನರ್ಸು ಕಣಪ್ಪ. ಮೂವತ್ತು ವರ್ಷ ಆ ಗಾಡಿಯಲ್ಲಿ ಬಸುರಿಯರನ್ನ ಆಸ್ಪತ್ರೆಗೆ ಸಾಗಿಸಿದ್ದೇನೆ. ಮಳೆಗಾಲದಲ್ಲಿ ಗುಡ್ಡ ಹತ್ತಬೇಕಿತ್ತು. ಹನ್ನೊಂದು ಮಕ್ಕಳು ಆಸ್ಪತ್ರೆ ಮುಟ್ಟೋವರೆಗೆ ಕಾಯಲಿಲ್ಲ, ಹಿಂದಿನ ಸೀಟಲ್ಲೇ ಹುಟ್ಟಿದವು."

"ಮತ್ತೆ ಬಾಗಿಲ ಮೇಲಿನ ಇಪ್ಪತ್ಮೂರು?" ಎಂದು ಭಾರ್ಗವ ಕೇಳಿಸಿದ.

"ನನ್ನ ಗಂಡುಮಕ್ಕಳು ಒಂದು ಈಸ್ಟರಿನಲ್ಲಿ ರ‍್ಯಾಲಿ ಆಟ ಆಡೋಕೆ ಬರೆದದ್ದು. ಅವರಿಗೆ ಸರಿಯಾಗಿ ಬರೆಯೋಕೆ ಬರ್ತಿದ್ದ ಅಂಕಿ ಅವೆರಡೇ."

"ನೀವು ರ‍್ಯಾಲಿ ನೋಡೇ ಇಲ್ವಾ ಮಾಮಾ?"

"ನಮ್ಮ ಊರ ಮುಂದೆಯೇ ಹೋಗ್ತಿತ್ತು. ಊರಿಗೆ ಊರೇ ರಸ್ತೆಯಲ್ಲಿ ಇರ್ತಿತ್ತು. ನಾನು ಒಳಗೆ ಇರ್ತಿದ್ದೆ. ಹುಟ್ಟೋ ಮಕ್ಕಳಿಗೆ ರಜಾದಿನ ಗೊತ್ತಾಗುತ್ತಾ?"

ವಾಪಸು ಬರುವಾಗ ಸೆಬಾಸ್ಟಿಯನ್ ತುಂಬ ಹೊತ್ತು ಯೋಚಿಸಿ ಹೇಳಿದರು: "ಸುಮ್ಮನೆ ಇದ್ದುಬಿಡಿ. ನಿಮ್ಮ ಮನೆಯವರು ಬಿಟ್ಟರೆ ನನಗೊಬ್ಬನಿಗೆ ಗೊತ್ತುಂಟು, ನಾನು ಸತ್ತರೂ ಹೇಳುವುದಿಲ್ಲ."

ಗುರುವಾರ ಸಂಜೆ ನಲವತ್ತು ಕುರ್ಚಿ ತುಂಬಿ ಜನ ನಿಂತಿದ್ದರು. ಒಟಿಯೆನೊ ಹೊಸ ಟೈ ಕಟ್ಟಿದ್ದರು. ಕೈಯಲ್ಲಿ ಹೂಮಾಲೆ. ಭಾರ್ಗವ ಮೈಕಿನ ಮುಂದೆ ನಿಂತು, ಬರೆದುಕೊಂಡು ಬಂದಿದ್ದ ಹಾಳೆಗಳನ್ನು ಮಡಚಿ ಜೇಬಿಗೆ ಹಾಕಿದ.

"ಈ ಗಾಡಿ ಸಫಾರಿ ರ‍್ಯಾಲಿ ಓಡಿಲ್ಲ," ಎಂದ. "ನನಗೆ ಸ್ವಾಹಿಲಿ ಬರೋದಿಲ್ಲ, ಅದು ನನ್ನ ತಪ್ಪು. ಆದರೆ ಇದು ಮೂವತ್ತು ವರ್ಷ ಬಸುರಿಯರನ್ನ ಹೊತ್ತು ಕೆಸರಲ್ಲಿ ಗುಡ್ಡ ಹತ್ತಿದೆ. ರೇಸಿನ ಗಾಡಿ ವರ್ಷಕ್ಕೊಂದು ಸಲ ಗುರಿ ಮುಟ್ಟಿದ್ರೆ ಕಪ್ ಕೊಡ್ತಾರೆ. ಇದು ದಿನಾ ಮುಟ್ಟಬೇಕಿತ್ತು. ಗುಜರಿ ಅಂದವರು ಬೇಕಾದ್ರೆ ಇನ್ನೊಂದು ಪತ್ರ ಬರೀಲಿ. ಇದು ಇಲ್ಲೇ ಇರುತ್ತೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಟುವಾ ಒಂದು ತಟ್ಟಿ ನಿಲ್ಲಿಸಿದ. ಒಟಿಯೆನೊ ಹೂಮಾಲೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಮಿಸ್ಟರ್ ಭಾರ್ಗವ, ನಾನು ಆ ಗಾಡಿಗೆ ದಿನಾ ಬೆಳಗ್ಗೆ ಸಲ್ಯೂಟ್ ಹೊಡೆದಿದ್ದೇನೆ," ಎಂದರು. "ಒಂದು ದಿನ ಪೈಜಾಮದಲ್ಲಿ! ಶನಿವಾರ ಏಳು ಗಂಟೆಗೆ ಬ್ರೇಕ್‌ಡೌನ್ ಲಾರಿ ಬರುತ್ತೆ."

"ಬರಲಿ," ಎಂದ ಭಾರ್ಗವ.

ಆ ರಾತ್ರಿ ಕನ್ನಡ ಸಂಘದ ಗೋವಿಂದ ಫೋನು ಮಾಡಿ, ಆಮಂತ್ರಣ ಪತ್ರಿಕೆಯನ್ನು ಹೊಸದಾಗಿ ಅಚ್ಚು ಹಾಕಿಸುವುದಾಗಿ ಬಹಳ ವಿನಯದಿಂದ ತಿಳಿಸಿದ. ಶೈಲಜಾ ಗಂಡನ ಮುಖ ನೋಡಿದಳು. "ನೀವು ಮೈಕಲ್ಲಿ ಅಷ್ಟು ಜೋರಾಗಿ ಮಾತಾಡಿದ್ದು ನಾನು ಕೇಳೇ ಇರಲಿಲ್ಲ ರೀ," ಎಂದಳು. "ಶನಿವಾರ ಆ ಅಜ್ಜಿಗೆ ರ‍್ಯಾಲಿ ತೋರಿಸ್ಕೊಂಡು ಬರೋಣ. ಈ ಗಾಡಿಯಲ್ಲೇ. ಚಿತ್ರಾನ್ನ ಕಲಸ್ತೀನಿ."

ಶನಿವಾರ ಹೊರಡುವುದು ಆರೂವರೆಗೆ ಎಂದು ನಿಗದಿಯಾಗಿತ್ತು. ಆದರೆ ಚಿತ್ರಾನ್ನಕ್ಕೆ ನಿಂಬೆಹಣ್ಣು ಸಿಗದೆ ಏಳಕ್ಕೆ ಐದು ನಿಮಿಷವಾಯಿತು. ಸೆಬಾಸ್ಟಿಯನ್ ಮುಂದಿನ ಸೀಟಿನಲ್ಲಿ ಭೂಪಟ ಹರಡಿಕೊಂಡು ಕೂತಿದ್ದರು. ಶೈಲಜಾ, ಸಾನ್ವಿ ಹಿಂದೆ. ಭಾರ್ಗವ ಚಾವಿ ತಿರುಗಿಸುವ ಹೊತ್ತಿಗೆ ಬ್ರೇಕ್‌ಡೌನ್ ಲಾರಿ ಬಂದು, ಅದರ ಆಳು ಪ್ಯೂಜೊದ ಹಿಂಬದಿಗೆ ಸರಪಳಿ ಸಿಕ್ಕಿಸಿಯೂ ಬಿಟ್ಟ. ಇನ್ನೊಂದು ತುದಿಯನ್ನು ಲಾರಿಗೆ ಹಾಕಲು ಆತ ತಿರುಗಿದಾಗ ಪ್ಯೂಜೊ ಕೆಮ್ಮಿತು, ನಡುಗಿತು, ಹೊರಟೇ ಹೋಯಿತು.

"ಸರಪಳಿ! ನನ್ನ ಸರಪಳಿ!" ಎಂದು ಲಾರಿಯವನು ಕೂಗಿದ.

"ಹಿಂಬಾಲಿಸು!" ಎಂದು ಒಟಿಯೆನೊ ಲಾರಿಯೊಳಗೆ ಹಾರಿ ಕೂತರು. ಮುಟುವಾ ಗೇಟು ತೆರೆದು ಪ್ಯೂಜೊಗೆ ಸಲ್ಯೂಟ್ ಹೊಡೆದ. ಲಾರಿ ಬರುವಷ್ಟರಲ್ಲಿ ಗೇಟು ಮುಚ್ಚಿದ್ದ. ಕೇಳಿದರೆ, ಗೇಟು ತೆರೆದಿಡಬಾರದೆಂದು ಚೇರ್ಮನ್ನರದೇ ಪತ್ರವಿದೆ ಎಂದ.

ಹೀಗೆ ಶುರುವಾದ ಆ ಬೆನ್ನಟ್ಟುವಿಕೆ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಸಾಗಿತು. ಭಾರ್ಗವ ಅದಕ್ಕಿಂತ ಜೋರಾಗಿ ಓಡಿಸುವವನಲ್ಲ. ಲಾರಿ ಅದಕ್ಕಿಂತ ಜೋರಾಗಿ ಓಡಬಲ್ಲದ್ದಲ್ಲ. ಬೈಪಾಸ್ ರಸ್ತೆಯುದ್ದಕ್ಕೂ ಸರಪಳಿ ಕಿಡಿ ಹಾರಿಸುತ್ತ ಬಂತು. ಎರಡೂ ಗಾಡಿಗಳನ್ನು ಮಟಾಟುಗಳು ದಾಟಿ ಹೋದವು. ಒಬ್ಬ ಬೈಕಿನವನು ಲಾರಿಯ ಪಕ್ಕ ಬಂದು, "ಮುಂದಿನ ಗಾಡಿಗೆ ಏನಾದ್ರೂ ಹೇಳಬೇಕಾ ಸಾರ್?" ಎಂದು ಒಟಿಯೆನೊರನ್ನು ಕೇಳಿದ. ಅವರು ಹೇಳಿಕಳಿಸಿದರು. ಆತ ಮುಂದೆ ಬಂದು, "ಹಿಂದಿನವರು ನಿಲ್ಲಿಸು ಅಂತಿದ್ದಾರೆ" ಎಂದ.

"ಆಗಲ್ಲ ಅಂತ ಹೇಳು," ಎಂದ ಭಾರ್ಗವ. ಬೈಕಿನವನು ಅದನ್ನೂ ಮುಟ್ಟಿಸಿದ.

ಮಾಮಾ ನ್ಯಾಂಬುರಾ ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡು ಗೇಟಿನಲ್ಲೇ ಕಾಯುತ್ತಿದ್ದಳು. ಆಕೆಯನ್ನು ಹತ್ತಿಸಿಕೊಂಡು, ಸಾನ್ವಿ ಸರಪಳಿಯನ್ನು ಎಳೆದು ಹಿಂದೆ ತುಂಬಿಕೊಂಡಳು. ಲಾರಿ ಹೊಗೆಯುಗುಳುತ್ತ ತಿರುವಿನಲ್ಲಿ ಕಾಣಿಸುವಾಗ ಪ್ಯೂಜೊ ಘಾಟಿ ಇಳಿಯುತ್ತಿತ್ತು.

ನೈವಾಶಾದಲ್ಲಿ ಹಿಂದಿನ ದಿನ ಮಳೆ ಹೊಯ್ದಿತ್ತು. ರ‍್ಯಾಲಿ ನೋಡುವ ಜಾಗಕ್ಕೆ ಹೋಗುವ ಮಣ್ಣುದಾರಿ ಹಿಟ್ಟು ಕಲಸಿಟ್ಟ ಹಾಗಿತ್ತು. ದೊಡ್ಡ ದೊಡ್ಡ ಜೀಪುಗಳು ಹೂತು ನಿಂತಿದ್ದವು.

"ಭೂಪಟದಲ್ಲಿ ಇಲ್ಲಿ ಒಳ್ಳೆ ರಸ್ತೆ ಉಂಟು," ಎಂದರು ಸೆಬಾಸ್ಟಿಯನ್.

ಹಿಂದಿನಿಂದ ಒಂದು ಕೈ ಬಂದು ಅವರ ಭೂಪಟವನ್ನು ಮಡಚಿತು. ಮಾಮಾ ನ್ಯಾಂಬುರಾ ಭಾರ್ಗವನ ಭುಜ ಹಿಡಿದು ಮುಂದಕ್ಕೆ ಬಾಗಿದಳು. ಆಕೆ ಹೇಳಿದ್ದನ್ನು ಸಾನ್ವಿ ಅಪ್ಪನ ಕಿವಿಗೆ ಕೂಗತೊಡಗಿದಳು. "ಸೆಕೆಂಡ್ ಗೇರ್ ಅಪ್ಪಾ! ಎಡಕ್ಕೆ, ಹುಲ್ಲಿನ ಮೇಲೆ! ಬ್ರೇಕ್ ಬೇಡ! ಕಾಲು ತೆಗೀಬೇಡಿ! ಡೋಂಟ್ ಸ್ಟಾಪ್!"

ಗಾಡಿ ಏಡಿಯಂತೆ ಅಡ್ಡಡ್ಡ ಹೋಯಿತು. ಶೈಲಜಾ ಚಿತ್ರಾನ್ನದ ಡಬ್ಬಿಯನ್ನು ತಬ್ಬಿಕೊಂಡು ಎಲ್ಲ ದೇವರನ್ನೂ ಕರೆದಳು. ಸೆಬಾಸ್ಟಿಯನ್ ತಮ್ಮ ಪಾಲಿನ ಸಂತರನ್ನು ಕರೆದರು. ಎಲ್ಲ ಜೀಪುಗಳನ್ನು ದಾಟಿ ಪ್ಯೂಜೊ ಗಟ್ಟಿ ನೆಲ ಹತ್ತಿದಾಗ ಜೀಪುಗಳಲ್ಲಿದ್ದವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಹದಿನೈದು ನಿಮಿಷದ ಮೇಲೆ ಬಂದ ಬ್ರೇಕ್‌ಡೌನ್ ಲಾರಿ ಅದೇ ಕೆಸರಿನಲ್ಲಿ ಅಚ್ಚಿನವರೆಗೆ ಇಳಿದು ಶಾಂತವಾಯಿತು.

ಬೇಲಿಯ ಬಳಿ ಸಾವಿರಾರು ಜನ. ಮೊಣಕಾಲವರೆಗೆ ಕೆಸರಾದ ಒಟಿಯೆನೊ ನಡೆದುಕೊಂಡೇ ಬಂದು ತಲುಪಿದರು. ಭಾರ್ಗವನ ಎದುರು ನಿಂತು, ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ದೂರದಲ್ಲಿ ಗುಡುಗಿದಂತಾಯಿತು. ಜನವೆಲ್ಲ ಒಂದೇ ದನಿಯಲ್ಲಿ ಕೂಗಿತು. ದಿಬ್ಬದ ಮೇಲಿಂದ ಒಂದು ಕಾರು ಗಾಳಿಯಲ್ಲಿ ಹಾರಿ, ಬಿದ್ದು, ಕೊಚ್ಚೆಯನ್ನು ಎಲ್ಲರ ಮುಖಕ್ಕೆ ಸಮನಾಗಿ ಹಂಚಿ, ಮರೆಯಾಯಿತು. ಒಟಿಯೆನೊ ಬಾಯಿ ತೆರೆದೇ ಇದ್ದರಾದ್ದರಿಂದ ಅವರಿಗೆ ಸ್ವಲ್ಪ ಹೆಚ್ಚು ಸಿಕ್ಕಿತು. ಉಗುಳಿದರು. ಅರವತ್ತು ವರ್ಷ ಕಳಚಿಬಿದ್ದ ಮುಖದಲ್ಲಿ, "ನೋಡಿದಿರಾ? ನೋಡಿದಿರಾ?" ಎಂದು ಭಾರ್ಗವನ ತೋಳು ಹಿಡಿದು ಅಲ್ಲಾಡಿಸಿದರು.

ಮಾಮಾ ನ್ಯಾಂಬುರಾ ಟೋಪಿಯ ಕೆಸರು ಒರೆಸಿಕೊಂಡಳು.

"ಇಷ್ಟೇನಾ?" ಎಂದಳು.

"ಇಷ್ಟೇ ಮಾಮಾ. ಇನ್ನೊಂದು ಬರುತ್ತೆ," ಎಂದರು ಸೆಬಾಸ್ಟಿಯನ್.

"ಒಳ್ಳೇ ಹುಡುಗರು. ಆದರೆ ಹಿಂದಿನ ಸೀಟಿನಲ್ಲಿ ಯಾರೂ ಇಲ್ಲ ನೋಡು. ಅದಕ್ಕೇ ಅಷ್ಟು ಜೋರು."

ಮಧ್ಯಾಹ್ನ ಎಲ್ಲರೂ ಚಿತ್ರಾನ್ನ ತಿಂದರು. ಆಮೇಲೆ ಅದೇ ಸರಪಳಿಯನ್ನು ಲಾರಿಗೆ ಕಟ್ಟಿ, ಇಪ್ಪತ್ತು ಜನ ಹಿಂದಿನಿಂದ ತಳ್ಳಿ, ಪ್ಯೂಜೊ ಮುಂದಿನಿಂದ ಎಳೆದು, ಬ್ರೇಕ್‌ಡೌನ್ ಲಾರಿಯನ್ನು ಕೆಸರಿನಿಂದ ಮೇಲೆತ್ತಲಾಯಿತು. ತೆರವಾಗಬೇಕಾಗಿದ್ದ ಗಾಡಿ ತೆರವು ಮಾಡಲು ಬಂದ ಲಾರಿಯನ್ನೇ ತೆರವು ಮಾಡಿತ್ತು. ಲಾರಿಯ ಕ್ಲಚ್ ಸುಟ್ಟಿತ್ತು. ಅದರವರು ಮೆಕ್ಯಾನಿಕ್ಕಿಗಾಗಿ ಅಲ್ಲೇ ಉಳಿದರು. ಚೇರ್ಮನ್ನರು ಕೆಸರಿನ ಬೂಟು ಕೈಯಲ್ಲಿ ಹಿಡಿದು ಪ್ಯೂಜೊದ ಮೂರನೆಯ ಸಾಲಿನಲ್ಲಿ ಕೂತರು.

ನಾಲ್ಕು ಕಿಲೋಮೀಟರ್ ಬಂದಿರಬಹುದು. ಕೂಡುರಸ್ತೆಯಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಕೈ ತೋರಿಸಿದ. ಹೆದ್ದಾರಿಗೆ ನೇರವಾಗಿ ಸೇರುವ ದಾರಿ ರ‍್ಯಾಲಿಯ ಗಾಡಿಗಳಿಗೆ ಮಾತ್ರ ಬಿಟ್ಟಿತ್ತು. ಉಳಿದವರು ಕೆರೆ ಸುತ್ತಿಕೊಂಡು ಹೋಗಬೇಕು; ಮೂರು ಗಂಟೆ ಹೆಚ್ಚು. ಅಧಿಕಾರಿ ಕೆಸರಿನಲ್ಲಿ ಅದ್ದಿದಂತಿದ್ದ ಪ್ಯೂಜೊವನ್ನೂ ಬಾಗಿಲ ಮೇಲಿನ ನಂಬರನ್ನೂ ನೋಡಿ ಗೊಂದಲಕ್ಕೆ ಬಿದ್ದ.

"ಇದು ರ‍್ಯಾಲಿ ಗಾಡಿಯೋ?"

ಭಾರ್ಗವ ಬಾಯಿ ತೆರೆಯುವ ಮೊದಲೇ ಮೂರನೆಯ ಸಾಲಿನ ಕಿಟಕಿಯಿಂದ ಒಂದು ತಲೆ ಹೊರಬಂತು. "ಸಫಾರಿ ರ‍್ಯಾಲಿ ಗಾಡಿ! ಬಹಳ ಸಫಾರಿ ಮಾಡಿದೆ! ನಾನು ನಿವೃತ್ತ ಹೆಡ್‌ಮಾಸ್ಟರು, ನನ್ನ ಮಾತು ನಂಬಿ!" ಎಂದು ಒಟಿಯೆನೊ ಗರ್ಜಿಸಿದರು.

ಅಧಿಕಾರಿ ಸೆಟೆದು ನಿಂತು ಬ್ಯಾರಿಕೇಡ್ ಸರಿಸತೊಡಗಿದ.

"ಬೇಡ ಸಾರ್," ಎಂದ ಭಾರ್ಗವ. ಎಂಜಿನ್ ಆಫ್ ಮಾಡಿದ. ಕೆಳಗಿಳಿದ. "ಇದು ರ‍್ಯಾಲಿ ಗಾಡಿಯಲ್ಲ. ಇದು ಈ ಮಾಮಾ ಅವರ ಹೆರಿಗೆ ಗಾಡಿ. ಹಾಗೇ ಬರ್ಕೊಳ್ಳಿ."

"ಮಿಸ್ಟರ್ ಭಾರ್ಗವ! ಮೂರು ಗಂಟೆ ಸುತ್ತು!" ಎಂದು ಒಟಿಯೆನೊ ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಆಗಲಿ ಸಾರ್."

"ಎಂತ ಮಂಡೆ ನಿಮ್ಮದು ಮಾರಾಯ್ರೆ!" ಎಂದರು ಸೆಬಾಸ್ಟಿಯನ್.

ಅಧಿಕಾರಿ ಒಳಗೆ ಬಗ್ಗಿ ನೋಡಿದ. ಟೋಪಿಯ ಮುದುಕಿ ಅವನನ್ನು ಮೇಲಿಂದ ಕೆಳಗೆ ಅಳೆದು, ಎಷ್ಟನೆಯ ಮಗು ನೀನು, ಎಲ್ಲಿ ಹುಟ್ಟಿದ್ದು, ಹೆರಿಗೆ ಮಾಡಿಸಿದ್ದು ಯಾರು ಎಂದು ವಿಚಾರಿಸತೊಡಗಿದಳು. ಅವನು ಗಡಿಬಿಡಿಯಲ್ಲಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಉತ್ತರ ಹೇಳಿದ. ಎಲ್ಲ ಕೇಳಿಯಾದ ಮೇಲೆ ಮಾಮಾ ನ್ಯಾಂಬುರಾ ಹೋಗು ಎಂದಳು. ಅವನು ಭಾರ್ಗವನ ಕಡೆ ತಿರುಗಿ, "ಹಾಗಾದರೆ ಬಲಕ್ಕೆ, ಸಾರ್," ಎಂದ.

ಭಾರ್ಗವ ಬಲಕ್ಕೆ ತಿರುಗಿಸಿದ. ಸ್ವಲ್ಪ ದೂರ ಹೋದ ಮೇಲೆ, ಯಾರೂ ಕೇಳದಿದ್ದರೂ, ಗೇರು ಬದಲಾಯಿಸಿ ಗಂಟೆಗೆ ಐವತ್ತು ಕಿಲೋಮೀಟರಿಗೆ ಏರಿಸಿದ.